ಲಾಭ ಏರಿತು, ಷೇರು ಬಿತ್ತು: ಐಟಿ ಷೇರಿಗೆ 37 ಪಟ್ಟು ಕೊಡುವ ಮೊದಲು ಓದಿ

2022ರ ಜನವರಿಯಲ್ಲಿ ಇನ್ಫೋಸಿಸ್ ಷೇರು ₹1,950ರ ಆಸುಪಾಸಿನಲ್ಲಿತ್ತು. 2023ರ ಏಪ್ರಿಲ್ 17ರಂದು ವಹಿವಾಟಿನ ನಡುವೆ ಅದು ₹1,185ಕ್ಕೆ ಇಳಿಯಿತು. ಹದಿನೈದು ತಿಂಗಳಲ್ಲಿ ನೂರು ರೂಪಾಯಿ ಹಾಕಿದವರ ಕೈಯಲ್ಲಿ ಉಳಿದದ್ದು ಅರವತ್ತೊಂದು. ಕಂಪನಿಗೆ ನಷ್ಟವೇನೂ ಆಗಿರಲಿಲ್ಲ. 2021-22ರಲ್ಲಿ ₹52.5 ಇದ್ದ ಪ್ರತಿ ಷೇರಿನ ಗಳಿಕೆ, ಅಂದರೆ ಇಪಿಎಸ್, ಮರುವರ್ಷ ₹57.6 ಆಗಿತ್ತು. ಮೇಲಿನ ಬೆಲೆಗೆ ಕೊಂಡವರು ಕಂಪನಿಯನ್ನು ಸರಿಯಾಗಿಯೇ ಆರಿಸಿದ್ದರು, ಎಡವಿದ್ದು ಬೆಲೆಯಲ್ಲಿ. ಅವರು ಗಳಿಕೆಯ 37 ಪಟ್ಟು ಕೊಟ್ಟಿದ್ದರು, ಮಾರುಕಟ್ಟೆ ಅದನ್ನು 21 ಪಟ್ಟಿಗೆ ಇಳಿಸಿತು.

ಕೊಳ್ಳುವ ಮೊದಲು ಹಾಳೆ ಪೆನ್ನು ಹಿಡಿದು ಮಾಡಬೇಕಿದ್ದ ಲೆಕ್ಕ ಇದು. ಹಾಕಿದ ಹಣಕ್ಕೆ ವರ್ಷಕ್ಕೆ 12% ಪ್ರತಿಫಲ ಬೇಕು ಎಂದುಕೊಳ್ಳಿ. ಕಂಪನಿ ಲಾಭದಲ್ಲಿ ಹಂಚುವ ಡಿವಿಡೆಂಡ್‌ನಿಂದ 1.6% ಬಂದರೆ ಬೆಲೆ ವರ್ಷಕ್ಕೆ 10.4% ಏರಬೇಕು, ಐದು ವರ್ಷಕ್ಕೆ ₹1,950 ಸುಮಾರು ₹3,200 ಆಗಬೇಕು. ಅಷ್ಟರಲ್ಲಿ ಪಿ/ಇ, ಅಂದರೆ ಬೆಲೆ ಇಪಿಎಸ್‌ನ ಎಷ್ಟು ಪಟ್ಟು ಎಂಬ ಅಂಕಿ, 25ಕ್ಕೆ ಇಳಿದಿರುತ್ತದೆ ಎಂದಿಟ್ಟುಕೊಂಡರೆ ಇಪಿಎಸ್ ₹128 ಮುಟ್ಟಬೇಕು. ₹52.5ರಿಂದ ಅಲ್ಲಿಗೆ ಹೋಗಲು ಲಾಭ ಪ್ರತಿವರ್ಷ 19ರಿಂದ 20% ಬೆಳೆಯಬೇಕು. ಕೊರೊನಾ ನಂತರ ಇಡೀ ಜಗತ್ತು ಸಾಫ್ಟ್‌ವೇರ್‌ಗೆ ಹಣ ಸುರಿದ 2021-22ರಲ್ಲೇ ಇಪಿಎಸ್ ಬೆಳೆದದ್ದು 15%. ಇಷ್ಟು ಕಂಡಮೇಲೂ ಕೊಳ್ಳುವ ಮನಸ್ಸಾದರೆ ಕನಿಷ್ಠ ಕಣ್ತೆರೆದು ಕೊಂಡಂತೆ.

ಪಿ/ಇ ಕುಸಿಯಲು ದೊಡ್ಡ ಕಾರಣ ಬಡ್ಡಿ. ಅಮೆರಿಕದ ಕೇಂದ್ರ ಬ್ಯಾಂಕ್ ಫೆಡರಲ್ ರಿಸರ್ವ್ 2022ರ ಮಾರ್ಚ್‌ನಲ್ಲಿ ಸೊನ್ನೆಯ ಹತ್ತಿರವಿದ್ದ ದರವನ್ನು ಒಂದು ವರ್ಷದೊಳಗೆ 5%ರ ಅಂಚಿಗೆ ತಂದಿತು. ಟೆಕ್ ಷೇರಿನ ಬೆಲೆಯಲ್ಲಿ ಬಹುಪಾಲು ದೂರದ ವರ್ಷಗಳ ಲಾಭವೇ ಕೂತಿರುತ್ತದೆ. ಇಪ್ಪತ್ತು ವರ್ಷದ ನಂತರ ಬರುವ ₹100ಕ್ಕೆ 8% ದರದಲ್ಲಿ ಇಂದಿನ ಬೆಲೆ ₹21.5, 10% ದರದಲ್ಲಿ ₹14.9. ಹಾಗಾಗಿ ಬಡ್ಡಿ ಏರಿದಾಗ ಸಿಮೆಂಟ್, ಸಾಬೂನಿನ ಕಂಪನಿಗಳಿಗಿಂತ ಇವಕ್ಕೆ ಪೆಟ್ಟು ಜೋರು.

ಎಚ್ಚರಿಕೆಯ ಗಂಟೆಗಳು ತ್ರೈಮಾಸಿಕ ವರದಿಯಲ್ಲೇ ಇದ್ದವು, ಪತ್ರಿಕೆಯ ತಲೆಬರಹದಲ್ಲಿ ಇರಲಿಲ್ಲ. 2022-23ರ ಆದಾಯ ರೂಪಾಯಿಯಲ್ಲಿ 20.7% ಏರಿತ್ತು, ಆದರೆ ಕಾನ್‌ಸ್ಟಂಟ್ ಕರೆನ್ಸಿಯಲ್ಲಿ, ಅಂದರೆ ವಿನಿಮಯ ದರದ ಏರಿಳಿತ ತೆಗೆದು ನೋಡಿದರೆ, 15.4% ಮಾತ್ರ. ನಡುವಿನ ಐದು ಚಿಲ್ಲರೆ ಅಂಶ ಬಂದದ್ದು ಬಹುಪಾಲು ರೂಪಾಯಿ ಸೊರಗಿದ್ದರಿಂದ. ಆಪರೇಟಿಂಗ್ ಮಾರ್ಜಿನ್, ಅಂದರೆ ಆದಾಯದಲ್ಲಿ ವ್ಯವಹಾರದ ಖರ್ಚು ಕಳೆದು ಉಳಿಯುವ ಪಾಲು, ಎರಡು ವರ್ಷದಲ್ಲಿ 24.5%ರಿಂದ 21%ಕ್ಕೆ ಜಾರಿತ್ತು. 2022ರ ಜೂನ್ ತ್ರೈಮಾಸಿಕದಲ್ಲಿ ಅಟ್ರಿಷನ್, ಅಂದರೆ ಕೆಲಸ ಬಿಟ್ಟುಹೋದವರ ಪ್ರಮಾಣ, 28.4% ಇತ್ತು. ಬಿಟ್ಟುಹೋದವರ ಜಾಗಕ್ಕೆ ಹೆಚ್ಚು ಸಂಬಳ ಕೊಟ್ಟು ಜನ ತರಬೇಕಾದಾಗ ಮಾರ್ಜಿನ್ ಉಳಿಯುವುದು ಕಷ್ಟ. ಇದರ ಮೇಲೆ, ಆಗ ಆದಾಯದ 60%ಕ್ಕೂ ಹೆಚ್ಚು ಉತ್ತರ ಅಮೆರಿಕದ್ದು, ಅತಿ ದೊಡ್ಡ ಗ್ರಾಹಕ ವರ್ಗ ಬ್ಯಾಂಕು ಮತ್ತು ಹಣಕಾಸು ಸಂಸ್ಥೆಗಳದ್ದು. 2023ರ ಮಾರ್ಚ್ 10ರಂದು ಸಿಲಿಕಾನ್ ವ್ಯಾಲಿ ಬ್ಯಾಂಕ್ ಮುಳುಗಿದಾಗ ಅಲ್ಲಿನ ಬ್ಯಾಂಕುಗಳು ಐಟಿ ಖರ್ಚಿಗೆ ಕೈ ಬಿಗಿ ಹಿಡಿಯುತ್ತವೆಂದು ಊಹಿಸಲು ಪಂಡಿತರಾಗಬೇಕಿರಲಿಲ್ಲ.

ಏಪ್ರಿಲ್ 13, ಗುರುವಾರ ಮಾರುಕಟ್ಟೆ ಮುಚ್ಚಿದ ಮೇಲೆ ಫಲಿತಾಂಶ ಬಂತು. ಮುಂದಿನ ವರ್ಷದ ಗೈಡೆನ್ಸ್, ಅಂದರೆ ಆದಾಯ ಎಷ್ಟು ಬೆಳೆಯಬಹುದೆಂದು ಕಂಪನಿಯೇ ಕೊಡುವ ಅಂದಾಜು, 4ರಿಂದ 7%. ನ್ಯೂಯಾರ್ಕ್‌ನಲ್ಲಿ ಎಡಿಆರ್, ಅಂದರೆ ಅಲ್ಲಿ ವಹಿವಾಟಾಗುವ ಇನ್ಫೋಸಿಸ್ ಷೇರಿನ ರೂಪ, ಅಂದೇ ಬಿತ್ತು. ಇಲ್ಲಿ ಶುಕ್ರವಾರ ಅಂಬೇಡ್ಕರ್ ಜಯಂತಿ, ಆಮೇಲೆ ಶನಿವಾರ, ಭಾನುವಾರ. ಮೂರು ದಿನ ಮಾರಲು ದಾರಿಯಿಲ್ಲ. ಗುರುವಾರ ₹1,388ರ ಹತ್ತಿರ ಮುಗಿದಿದ್ದ ಷೇರು ಸೋಮವಾರ ತೆರೆದದ್ದೇ ತುಂಬಾ ಕೆಳಗೆ. ಸ್ಟಾಪ್‌ಲಾಸ್ ಎಂದರೆ ಬೆಲೆ ಒಂದು ಮಟ್ಟಕ್ಕೆ (ಟ್ರಿಗರ್) ಬಿದ್ದರೆ ಮಾರಲು ಮೊದಲೇ ಕೊಟ್ಟ ಆರ್ಡರ್, ಲಿಮಿಟ್ ಎಂದರೆ ಅದಕ್ಕಿಂತ ಕಡಿಮೆಗೆ ಮಾರಬೇಡ ಎಂಬ ಬೆಲೆ. ₹1,350ಕ್ಕೆ ಟ್ರಿಗರ್, ₹1,345ಕ್ಕೆ ಲಿಮಿಟ್ ಹಾಕಿದ ಸ್ಟಾಪ್‌ಲಾಸ್ ಇಂಥ ಬೆಳಿಗ್ಗೆ ಟ್ರಿಗರ್ ಆಗುತ್ತದೆ, ಆದರೆ ಮಾರಾಟವಾಗದೆ ಪೆಂಡಿಂಗ್‌ನಲ್ಲೇ ಕೂರುತ್ತದೆ. ಲಿಮಿಟ್ ಇಲ್ಲದ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಆದರೆ ಮಾರಾಟವಾಗುತ್ತದೆ, ಆಗ ಸಿಕ್ಕಿದ್ದೇ ಬೆಲೆ. ಫಲಿತಾಂಶದ ಹಿಂದಿನ ದಿನ ನಿಮ್ಮ ಪಾಲು ನಿದ್ದೆಗೆಡಿಸುವಷ್ಟು ದೊಡ್ಡದಿದ್ದರೆ ಆ ದಿನವೇ ಕಡಿಮೆ ಮಾಡಿಕೊಳ್ಳಿ, ಸ್ಟಾಪ್‌ಲಾಸ್ ನಂಬಿ ಕೂರಬೇಡಿ.

ಬಿದ್ದಾಗ ಆವರೇಜ್ ಮಾಡುವವರಿಗೂ, ಅಂದರೆ ಇನ್ನಷ್ಟು ಕೊಂಡು ಸರಾಸರಿ ಬೆಲೆ ಇಳಿಸಿಕೊಳ್ಳುವವರಿಗೂ, ಒಂದು ಮಾತು. ಜುಲೈನಲ್ಲಿ ಅದೇ ಗೈಡೆನ್ಸನ್ನು 1ರಿಂದ 3.5%ಕ್ಕೆ ಇಳಿಸಲಾಯಿತು, ವರ್ಷದ ಕೊನೆಗೆ ಬೆಳವಣಿಗೆ ಬಂದದ್ದು 1.4%. ಮೊದಲ ಕೆಟ್ಟ ಸುದ್ದಿಯೇ ಕೊನೆಯದೆಂದು ಕೈಯಲ್ಲಿದ್ದ ಹಣವನ್ನೆಲ್ಲ ಒಂದೇ ಸಲ ಹಾಕಬೇಡಿ. ಎರಡು ತ್ರೈಮಾಸಿಕದ ಅಂಕಿ ಬರಲಿ.