ಗೋಡೆಯ ಮೇಲಿನ ಸರ್ಟಿಫಿಕೇಟ್ ನಂಬಿ 'ಸಾವಯವ' ಬೆಲ್ಲ ಕೊಳ್ಳಬೇಡಿ

ಮಗಳ ಬಾಣಂತನಕ್ಕೆಂದು ಐದು ತಿಂಗಳು ಮೈಸೂರಿನ ಒಂದೇ ಅಂಗಡಿಯಿಂದ 'ಸಾವಯವ ಬೆಲ್ಲ' ತಂದೆ. ಕಿಲೋಗೆ 140 ರೂಪಾಯಿ. ದೇವರಾಜ ಮಾರುಕಟ್ಟೆಯಲ್ಲಿ ಅದರ ಅರ್ಧ ದುಡ್ಡಿಗೆ ಅಚ್ಚುಬೆಲ್ಲ ಸಿಗುತ್ತಿತ್ತು. ಅಂಟಿನುಂಡೆಗೆ, ಮೆಂತ್ಯದ ಗಂಜಿಗೆ, ಎಲ್ಲದಕ್ಕೂ ಇದೇ ಬೆಲ್ಲ. ಹಸುಗೂಸಿಗೆ ಹಾಲೂಡಿಸುವವಳ ಹೊಟ್ಟೆಗೆ ಹೋಗುವುದು, ಚೊಕ್ಕವಾಗಿರಲಿ ಅಂತ ದುಡ್ಡಿನ ಮುಖ ನೋಡಲಿಲ್ಲ. ಮೊದಲ ದಿನವೇ ಅಂಗಡಿಯವರನ್ನು ಕೇಳಿದ್ದೆ. "ಗೌರ್ಮೆಂಟ್ ಸರ್ಟಿಫಿಕೇಟೇ ಇದೆಯಲ್ಲ ಅಮ್ಮ" ಎಂದು ಗೋಡೆ ತೋರಿಸಿದರು. ಚೌಕಟ್ಟು ಹಾಕಿಸಿ ತೂಗುಹಾಕಿದ್ದ ಕಾಗದ. ನಾನು ಓದಲಿಲ್ಲ.

ಪಾಂಡವಪುರದ ಕಡೆ ನೆಂಟರ ಮನೆಯ ಹಬ್ಬಕ್ಕೆ ಹೋದಾಗ ಹತ್ತಿರದ ಆಲೆಮನೆಗೆ ಕರೆದುಕೊಂಡು ಹೋದರು. ಕುದಿಯುವ ಕೊಪ್ಪರಿಗೆಗೆ ಒಬ್ಬರು ಬಿಳಿ ಪುಡಿ ಸುರಿಯುತ್ತಿದ್ದರು. ಹೈಡ್ರೋಸ್, ಬೆಲ್ಲದ ಬಣ್ಣ ತಿಳಿಯಾಗಲು ಹಾಕುವ ರಾಸಾಯನಿಕ. ಹಿಂದೆಲ್ಲ ಬೆಂಡೆ ಗಿಡದ ಲೋಳೆಯಿಂದ ಕಬ್ಬಿನ ಹಾಲಿನ ಮಡ್ಡಿ ತೆಗೆಯುತ್ತಿದ್ದರು. ಮೂಲೆಯಲ್ಲಿ ಸಕ್ಕರೆ ಚೀಲಗಳೂ ಇದ್ದವು. ಅದಕ್ಕಿಂತ ನನ್ನ ಎದೆ ಧಸಕ್ಕೆಂದದ್ದು ಪಕ್ಕದಲ್ಲಿದ್ದ ಖಾಲಿ ಪೊಟ್ಟಣಗಳನ್ನು ಕಂಡು. ನಮ್ಮ ಮನೆಯ ಡಬ್ಬಿಯೊಳಗಿದ್ದ ಅದೇ ಹಸಿರು ಎಲೆಯ ಚಿತ್ರ, ಅದೇ ಹೆಸರು.

"ಈ ಪೊಟ್ಟಣದ ಬೆಲ್ಲ ಕಂದು ಬಣ್ಣ ಇರ್ತದಲ್ಲಪ್ಪ?" ಅಂದೆ.

"ಆ ಅಂಗಡಿ ಮಾಲಿಗೆ ಪುಡಿ ಕಮ್ಮಿ ಹಾಕ್ತೀವಿ ಕಣಕ್ಕ, ಪಾಕ ಒಂಚೂರು ಜಾಸ್ತಿ ಬಿಡ್ತೀವಿ. ಕಬ್ಬೆಲ್ಲ ಒಂದೇಯ."

ಕಪ್ಪಗಿದ್ದರೆ ಸಾವಯವ ಎಂಬ ನಂಬಿಕೆ ನನ್ನಂಥವರಿಗೆ ಎಷ್ಟಿದೆ ಅಂತ ಮಾರುವವರಿಗೆ ಚೆನ್ನಾಗಿ ಗೊತ್ತು.

ಮೈಸೂರಿಗೆ ಬಂದವಳೇ ಆ ಚೌಕಟ್ಟಿನ ಕಾಗದ ಓದಿದೆ. ಯಾವುದೋ ರೈತರ ಗುಂಪಿನ ಹೆಸರಿನದು. ಬೆಳೆಯ ಪಟ್ಟಿಯಲ್ಲಿ ರಾಗಿ, ಅವರೆ. ಕಬ್ಬೂ ಇಲ್ಲ, ಬೆಲ್ಲವೂ ಇಲ್ಲ. ಅವಧಿ ಹಿಂದಿನ ವರ್ಷವೇ ಮುಗಿದಿತ್ತು. ಪೊಟ್ಟಣದ ಮೇಲೆ ನಾನು 'ಸರ್ಕಾರಿ ನಂಬರ್' ಅಂದುಕೊಂಡಿದ್ದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ಸಂಖ್ಯೆ. ಅದು ಆಹಾರ ವ್ಯಾಪಾರ ಮಾಡುವ ಯಾರಿಗಾದರೂ ಇರಬೇಕಾದದ್ದು, ಸಾವಯವಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಸರ್ಕಾರದ ಮಾನದಂಡವೇ ಸುಳ್ಳೇ? ನನಗೆ ಹಾಗನ್ನಿಸಲಿಲ್ಲ. ಬರೆದ ನಿಯಮಗಳು ಬಿಗಿಯಾಗಿಯೇ ಇವೆ. 2017ರ ನಿಯಮದ ಪ್ರಕಾರ ಅಂಗಡಿಯಲ್ಲಿ ಸಾವಯವ ಎಂದು ಮಾರಬೇಕಾದರೆ ಎನ್‌ಪಿಒಪಿ (ಕೇಂದ್ರದ ರಾಷ್ಟ್ರೀಯ ಸಾವಯವ ಉತ್ಪಾದನಾ ಕಾರ್ಯಕ್ರಮ) ಅಥವಾ ಪಿಜಿಎಸ್ (ರೈತರೇ ಗುಂಪಾಗಿ ಪರಸ್ಪರ ಖಾತ್ರಿ ಕೊಡುವ ಪದ್ಧತಿ) ಪ್ರಮಾಣೀಕರಣ ಇರಬೇಕು, ಪೊಟ್ಟಣದ ಮೇಲೆ 'ಜೈವಿಕ್ ಭಾರತ್' ಗುರುತು ಇರಬೇಕು. ನನ್ನ ಪೊಟ್ಟಣದಲ್ಲಿ ಅದು ಇರಲೇ ಇಲ್ಲ, ಬರೀ ಎಲೆಯ ಚಿತ್ರ. ತಾನೇ ಬೆಳೆದು ನೇರವಾಗಿ ಮಾರುವ ಸಣ್ಣ ರೈತನಿಗೆ ವಿನಾಯಿತಿ ಇದೆ, ಕೊಂಡು ಮಾರುವ ಅಂಗಡಿಗೆ ಇಲ್ಲ.

ಆದರೆ ಈ ವ್ಯವಸ್ಥೆ ನೋಡುವುದು ಬೆಳೆದ, ತಯಾರಿಸಿದ ರೀತಿಯನ್ನು, ಹೆಚ್ಚಾಗಿ ದಾಖಲೆ ಮತ್ತು ಪರಿಶೀಲನೆಯ ಮೂಲಕ. ಪಿಜಿಎಸ್‌ನಲ್ಲಿ ಐದಾರು ರೈತರು ಗುಂಪಾಗಿ ಒಬ್ಬರ ಹೊಲ ಇನ್ನೊಬ್ಬರು ಪರಿಶೀಲಿಸಬೇಕು. ಅಕ್ಕಪಕ್ಕದವರ ತಪ್ಪು ಬರೆದುಕೊಡಲು ನಮ್ಮೂರುಗಳಲ್ಲಿ ಎಷ್ಟು ಜನಕ್ಕೆ ಬಾಯಿ ಬರುತ್ತದೆ? ಮಂಡ್ಯ ಸೀಮೆಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಬಯಲಲ್ಲಿ ಮೇಲಿನ ಗದ್ದೆಯ ಯೂರಿಯಾ ನೀರು ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದನ್ನು ತಡೆಯಬೇಕೆಂಬ ನಿಯಮವೂ ಇದೆ, ಬದುವಿನ ಮೇಲೆ ನಿಂತು ನೋಡುವವರು ಬೇಕಲ್ಲ. ನಿಷ್ಠೆಯಿಂದ ಎರಡು ಮೂರು ವರ್ಷ ಇಳುವರಿ ಕಳೆದುಕೊಂಡು ಭೂಮಿಯನ್ನು ಸಾವಯವಕ್ಕೆ ಬದಲಿಸಿದ ರೈತರನ್ನೂ ನಾನು ಬಲ್ಲೆ. ಇಂಥ ಅಂಗಡಿಗಳು ಕದಿಯುವುದು ಅವರ ಬೆವರನ್ನೇ.

ದಯವಿಟ್ಟು ಸರ್ಟಿಫಿಕೇಟಿನಲ್ಲಿ ಯಾರ ಹೆಸರಿದೆ, ನೀವು ಕೊಳ್ಳುವ ಪದಾರ್ಥ ಪಟ್ಟಿಯಲ್ಲಿದೆಯೇ, ಯಾವ ದಿನಾಂಕದವರೆಗೆ ಎಂದು ನೋಡಿ. ಬಿಡಿಯಾಗಿ ತೂಗಿಕೊಡುವ 'ಸಾವಯವ'ವನ್ನಂತೂ ಪರಿಚಯವಿಲ್ಲದವರಿಂದ ತರಬೇಡಿ. ಬಿಲ್ಲಿನಲ್ಲಿ 'ಸಾವಯವ' ಎಂದು ಬರೆಸಿಕೊಳ್ಳಿ. ನಾನು ದೂರು ಕೊಡಲು ಹೋದಾಗ ದೂರು ತೆಗೆದುಕೊಳ್ಳುವವರು ಮೊದಲು ಕೇಳಿದ್ದು ಬಿಲ್ಲು. ಐದು ತಿಂಗಳ ಬಿಲ್ಲೂ ಜೋಪಾನವಾಗಿ ಇಟ್ಟಿದ್ದೆ. ಅಷ್ಟರಲ್ಲೂ ಬರೆದಿದ್ದದ್ದು ಬರೀ 'ಬೆಲ್ಲ'.