ಭಾನುವಾರ ನೋಡಿದ ಮನೆಗೆ ಸೋಮವಾರವೂ ಒಮ್ಮೆ ಹೋಗಿ ಬನ್ನಿ

ಕೆಲಸದ ನಿಮಿತ್ತ ಧಾರವಾಡದಿಂದ ಬೆಂಗಳೂರಿಗೆ ಬಂದ ನಾನು, ಹೆಂಡತಿ ಮತ್ತು ಇಬ್ಬರು ಸಣ್ಣ ಮಕ್ಕಳೊಂದಿಗೆ ನಗರದ ಪೂರ್ವದ ಅಂಚಿನಲ್ಲಿ ಏಳು ತಿಂಗಳು ಬಾಡಿಗೆಗಿದ್ದು, ಕೊಟ್ಟ ಮುಂಗಡದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕಳೆದುಕೊಂಡು ಹೊರಬಿದ್ದ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಮಾಲೀಕರ ಹೆಸರನ್ನಾಗಲಿ ಅಪಾರ್ಟ್‌ಮೆಂಟಿನ ಹೆಸರನ್ನಾಗಲಿ ಹೇಳುವುದಿಲ್ಲ. ಅವರು ಮಾಡಿದ್ದೆಲ್ಲವೂ ನಾನೇ ಸಹಿ ಹಾಕಿಕೊಟ್ಟ ಕಾಗದದಲ್ಲಿತ್ತು. ತಪ್ಪಿನ ದೊಡ್ಡ ಪಾಲು ನನ್ನದೇ. ಬರುವ ಜೂನ್ ಹೊತ್ತಿಗೆ ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು ಈ ಊರಿಗೆ ಬರಲಿರುವವರು ಅದೇ ತಪ್ಪನ್ನು ಮಾಡದಿರಲಿ ಎಂಬುದಷ್ಟೇ ನನ್ನ ಉದ್ದೇಶ.

2023ರ ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ, ರಾತ್ರಿ ರೈಲಿನಲ್ಲಿ ಬಂದಿಳಿದ ನಾನು ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಎರಡರೊಳಗೆ ದಲ್ಲಾಳಿಯೊಬ್ಬರ ಬೈಕಿನ ಹಿಂದೆ ಕುಳಿತು ಐದು ಮನೆಗಳನ್ನು ನೋಡಿದೆ. ಐದನೆಯದು ವರ್ತೂರಿಗೂ ಗುಂಜೂರಿಗೂ ನಡುವೆ, ಏಳನೆಯ ಮಹಡಿಯಲ್ಲಿತ್ತು. ಗಾಳಿ, ಬೆಳಕು ಧಾರಾಳ. ಕೆಳಗೆ ಮಕ್ಕಳಿಗೆ ಜಾರುಬಂಡಿ, ಈಜುಕೊಳ. ಬಾಡಿಗೆ 28,000, ನಿರ್ವಹಣೆಗೆ 3,500, ಮುಂಗಡ ಒಂದೂವರೆ ಲಕ್ಷ. ಫೋಟೊಗಳನ್ನು ಹೆಂಡತಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ನೀರು ಹೆಂಗೈತ್ರಿ?" ನಾನು ಅದನ್ನೇ ದಲ್ಲಾಳಿಗೆ ಕೇಳಿದೆ. "ಇಪ್ಪತ್ನಾಲ್ಕು ಗಂಟೆ ನೀರು ಸಾರ್" ಎಂದರು. ಅವರು ಸುಳ್ಳು ಹೇಳಲಿಲ್ಲ. ನಲ್ಲಿ ತಿರುಗಿಸಿದರೆ ನೀರು ಬರುತ್ತಿತ್ತು. ಆ ನೀರು ಎಲ್ಲಿಂದ ಬರುತ್ತದೆ ಎಂದು ನಾನು ಕೇಳಲಿಲ್ಲ. ಅಲ್ಲಿಂದ ಕಾಡುಬೀಸನಹಳ್ಳಿಯಲ್ಲಿರುವ ನನ್ನ ಕಚೇರಿಯವರೆಗೆ ಬೈಕಿನಲ್ಲಿ ಹೋಗಿ ನೋಡಿದೆವು. ಇಪ್ಪತ್ತೈದು ನಿಮಿಷವಾಯಿತು. ಅದೇ ಸಂಜೆ ಹತ್ತು ಸಾವಿರ ಟೋಕನ್ ಕೊಟ್ಟು, ಮನೆ ಹುಡುಕುವುದನ್ನು ಜನ ಸುಮ್ಮನೆ ದೊಡ್ಡದು ಮಾಡುತ್ತಾರೆ ಎಂದುಕೊಂಡು ಊರಿಗೆ ಮರಳಿದೆ.

ನವೆಂಬರ್ ಮಧ್ಯದಲ್ಲಿ ಸಾಮಾನು ಬಂದಿಳಿಯಿತು. ಮೊದಲ ಸೋಮವಾರ ಎಂಟೂವರೆಗೆ ಹೊರಟವನು ಪಣತ್ತೂರಿನ ರೈಲ್ವೆ ಕೆಳಸೇತುವೆಯ ಮುಂದೆ ನಿಂತೇಬಿಟ್ಟೆ. ಆ ಕಿರಿದಾದ ಕಿಂಡಿಯಲ್ಲಿ ಶಾಲಾ ವ್ಯಾನು, ಟ್ಯಾಂಕರು, ಕಂಪನಿಗಳ ಕ್ಯಾಬು, ಬೈಕು ಎಲ್ಲವೂ ನುಗ್ಗಬೇಕು. ಕಚೇರಿ ತಲುಪಲು ಒಂದು ಗಂಟೆ ಇಪ್ಪತ್ತು ನಿಮಿಷ ಹಿಡಿಯಿತು, ಸಂಜೆ ಮರಳಲು ಇನ್ನೂ ಹತ್ತು ನಿಮಿಷ ಹೆಚ್ಚು. ಒಂಬತ್ತು ಗಂಟೆಯ ಕೆಲಸಕ್ಕಾಗಿ ಸುಮಾರು ಹನ್ನೆರಡು ಗಂಟೆ ನಾನು ಮನೆಯಲ್ಲಿ ಇರುತ್ತಿರಲಿಲ್ಲ. ಸಂಚಾರ ದಟ್ಟಣೆಯ ಬಗ್ಗೆ ಬೆಂಗಳೂರಿನವರಿಗೆ ಹೊಸದಾಗಿ ಹೇಳಬೇಕಾದುದೇನೂ ಇಲ್ಲ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಆದರೆ ಆ ಹನ್ನೆರಡು ಗಂಟೆ ಮನೆಯಲ್ಲಿ ಉಳಿದವರಿಗೆ ಏನಾಯಿತು ಎಂಬುದೇ ಈ ಬರಹದ ಮುಖ್ಯ ವಿಷಯ.

ಮೊದಲು ಶಾಲೆ. ಮಗಳಿಗೆ ಐದು ವರ್ಷ, ಯುಕೆಜಿ. ಹೆಸರಿರುವ ಶಾಲೆಗಳು ಮುಂದಿನ ಜೂನ್‌ನ ಪ್ರವೇಶವನ್ನು ಹಿಂದಿನ ದಸರಾ-ದೀಪಾವಳಿಯ ಹೊತ್ತಿಗೇ ಆರಂಭಿಸುತ್ತವೆ ಎಂಬುದು ನನಗೆ ತಿಳಿದಿರಲಿಲ್ಲ. ನಡುವರ್ಷದಲ್ಲಿ ಹೋದ ನಮಗೆ ಮನೆಯಿಂದ ನಡೆದು ಹೋಗಬಹುದಾಗಿದ್ದ ಎರಡು ಶಾಲೆಗಳಲ್ಲಿ ಸೀಟು ಇರಲಿಲ್ಲ. ಸಿಕ್ಕ ಶಾಲೆ ಆರು ಕಿಲೋಮೀಟರ್ ದೂರದಲ್ಲಿತ್ತು. ವರ್ಷದ ಅರ್ಧ ಕಳೆದಿದ್ದರೂ ಶುಲ್ಕವನ್ನು ಪೂರ್ತಿಯಾಗಿ ಕಟ್ಟಿಸಿಕೊಂಡರು. ಏಳು ಗಂಟೆ ಹತ್ತು ನಿಮಿಷಕ್ಕೆ ವ್ಯಾನ್ ಬರುತ್ತಿದ್ದುದರಿಂದ ಮಗು ಆರಕ್ಕೆ ಏಳಬೇಕಿತ್ತು. ಮಧ್ಯಾಹ್ನ ಊಟದ ಹೊತ್ತು ಮೀರಿ ಮೂರು ಗಂಟೆಗೆ ಮರಳಿದರೆ, ಕೈಯಲ್ಲಿ ತುತ್ತು ಹಿಡಿದುಕೊಂಡೇ ನಿದ್ದೆ ಮಾಡುತ್ತಿದ್ದಳು.

ಆಮೇಲೆ ನೀರು. ನಾವಿದ್ದ ಕಡೆ 2007ರಲ್ಲಿ ಬಿಬಿಎಂಪಿ ರಚನೆಯಾದಾಗ ನಗರದೊಳಕ್ಕೆ ಸೇರಿದ ಹೊರವಲಯ. ನಾವು ಹೋದಾಗ ಆ ಸಮುಚ್ಚಯಕ್ಕೆ ಕಾವೇರಿ ನೀರಿನ ಸಂಪರ್ಕ ಇರಲಿಲ್ಲ. ಇದ್ದದ್ದು ಎರಡು ಕೊಳವೆಬಾವಿ, ಉಳಿದದ್ದು ಟ್ಯಾಂಕರು. ಮೊದಲ ವಾರದಲ್ಲೇ ಹೆಂಡತಿ ಒಂದು ಮಾತು ಹೇಳಿದಳು: ಕುಕ್ಕರಿನಲ್ಲಿ ಆರು ಸೀಟಿ ಕೂಗಿಸಿದರೂ ತೊಗರಿಬೇಳೆ ಕರಗುತ್ತಿಲ್ಲ. ಗಡಸು ನೀರಿನ ಲಕ್ಷಣ ಅದು ಎಂದು ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಎರಡು ವರ್ಷದ ಮಗನ ಮೊಣಕೈ ಮಡಿಕೆಗಳಲ್ಲಿ ತುರಿ ಎದ್ದಿತು, ಗೀಸರಿನ ಕಾಯಿಲ್ ಮೂರು ತಿಂಗಳಲ್ಲಿ ಬಿಳಿ ಪದರ ಕಟ್ಟಿ ಸುಟ್ಟುಹೋಯಿತು. ಕೆಲವೇ ನೂರು ರೂಪಾಯಿಗೆ ಸಿಗುವ ನೀರಿನಲ್ಲಿ ಕರಗಿದ ಲವಣಗಳನ್ನು ಅಳೆಯುವ ಟಿಡಿಎಸ್ ಮೀಟರನ್ನು ತರಿಸಿ ಅದ್ದಿದಾಗ 1,400 ತೋರಿಸಿತು. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಪ್ರಮಾಣ ಲೀಟರಿಗೆ 500 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 2,000ದವರೆಗೆ ಸಹಿಸಬಹುದೆನ್ನುತ್ತದೆ. ಕುಡಿಯಲು, ಅಡುಗೆಗೆ ನೀರು ಶುದ್ಧಗೊಳಿಸುವ ಆರ್‌ಒ ಯಂತ್ರ ಹಾಕಿಸಿದೆವು. ಆದರೆ ಮಗುವಿಗೆ ಸ್ನಾನ ಮಾಡಿಸುವುದಕ್ಕೂ ಆರ್‌ಒ ನೀರು ಹಿಡಿಯಲಾಗುವುದಿಲ್ಲವಲ್ಲ.

ಹಾಗೆ ನೋಡಿದರೆ ನಾವು ಧಾರವಾಡದವರು; ಮಲಪ್ರಭೆಯ ನೀರು ವಾರಕ್ಕೊಮ್ಮೆ ಬಂದರೆ ಅದೇ ದೊಡ್ಡದು ಎಂದುಕೊಂಡು ಪಾತ್ರೆ, ಬ್ಯಾರಲ್ ತುಂಬಿಸಿಟ್ಟು ಬೆಳೆದವರು. ಕೊರತೆ ನಮಗೆ ಹೊಸದಲ್ಲ. ಅಲ್ಲಿ ನೀರು ಬರುವ ದಿನ ಗೊತ್ತಿರುತ್ತಿತ್ತು, ಬಂದ ನೀರಿನಲ್ಲಿ ಬೇಳೆ ಬೇಯುತ್ತಿತ್ತು. ಇಲ್ಲಿ ಎರಡೂ ಇಲ್ಲವಾಯಿತು. 2023 ಬರದ ವರ್ಷ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸರ್ಕಾರ ಘೋಷಿಸಿತ್ತು. ಪತ್ರಿಕೆಯಲ್ಲಿ ಅದನ್ನು ಓದಿದ್ದೆ, ಆದರೆ ಬರವೆಂದರೆ ಹೊಲಕ್ಕೆ ಸಂಬಂಧಿಸಿದ್ದೆಂದು ತಿಳಿದು ಏಳನೆಯ ಮಹಡಿಯ ನಲ್ಲಿಗೂ ಅದಕ್ಕೂ ನಂಟು ಹಚ್ಚಿ ನೋಡಿರಲಿಲ್ಲ. 2024ರ ಫೆಬ್ರುವರಿಯಲ್ಲಿ ಒಂದು ಕೊಳವೆಬಾವಿ ಬತ್ತಿತು, ಮಾರ್ಚ್‌ನಲ್ಲಿ ಇನ್ನೊಂದು. ಬೆಳಿಗ್ಗೆ ಆರರಿಂದ ಎಂಟು, ಸಂಜೆ ಏಳರಿಂದ ಒಂಬತ್ತು ಮಾತ್ರ ನೀರು ಎಂದು ಲಿಫ್ಟಿನ ಬಾಗಿಲಿಗೆ ಚೀಟಿ ಅಂಟಿಸಿದರು. ಜಿಲ್ಲಾಡಳಿತವು ಐದು ಕಿಲೋಮೀಟರ್ ಒಳಗಿನ 12,000 ಲೀಟರ್ ಟ್ಯಾಂಕರಿಗೆ 1,000 ರೂಪಾಯಿ, ಹತ್ತು ಕಿಲೋಮೀಟರ್ ಒಳಗಾದರೆ 1,200 ರೂಪಾಯಿ ಎಂದು ದರ ನಿಗದಿ ಮಾಡಿತು. ನಮ್ಮ ಅಪಾರ್ಟ್‌ಮೆಂಟಿನ ನಿವಾಸಿಗಳ ಸಂಘಕ್ಕೆ ಆ ದರದಲ್ಲಿ ಒಂದು ಟ್ಯಾಂಕರೂ ಸಿಗಲಿಲ್ಲ. ಡಿಸೆಂಬರ್‌ನಲ್ಲಿ 1,400 ಇದ್ದ ನಮ್ಮ ನೀರಿನ ಬಿಲ್ಲು ಮಾರ್ಚ್‌ನಲ್ಲಿ ಕಡಿಮೆ ನೀರು ಬಳಸಿಯೂ ಮೂರು ಸಾವಿರ ಮುಟ್ಟಿತು. ಈಜುಕೊಳವನ್ನು ಮುಚ್ಚಿದರು. ಬಿಸಿಲಿಗೆ ಬಿರುಕು ಬಿಟ್ಟ ಆ ನೀಲಿ ಟೈಲ್ಸಿನ ಮೇಲೆ ಮಕ್ಕಳು ಕ್ರಿಕೆಟ್ ಆಡುತ್ತಿದ್ದರು.

ಇನ್ನೊಂದು ಘಟನೆಯನ್ನು ಹೇಳದೆ ಇರಲಾರೆ. ಮಾರ್ಚ್‌ನ ಒಂದು ಸಂಜೆ ಆರೂವರೆಗೆ ಮಗನಿಗೆ ಜ್ವರ ಏರಿ ಕೈಕಾಲು ಸೆಟೆದುಕೊಳ್ಳತೊಡಗಿದವು. ಹತ್ತಿರದ ಕ್ಲಿನಿಕ್ಕಿನಲ್ಲಿ ಮಕ್ಕಳ ವೈದ್ಯರು ಬೆಳಗಿನ ಹೊತ್ತು ಮಾತ್ರ. ಮಕ್ಕಳನ್ನು ಒಳಗೆ ಸೇರಿಸಿಕೊಳ್ಳುವ ಆಸ್ಪತ್ರೆ ಎಂಟು ಕಿಲೋಮೀಟರ್ ದೂರ. ಹೆಂಡತಿ ಆ್ಯಪ್‌ನಲ್ಲಿ ಕರೆದ ಆಟೊಗಳು, ಆ ಹೊತ್ತಿನಲ್ಲಿ ಆ ದಾರಿಗೆ ಬರಲೊಲ್ಲದೆ, ಒಂದಾದ ಮೇಲೊಂದು ರದ್ದಾದವು. ಕೊನೆಗೆ ಮೇಲಿನ ಮನೆಯ ತೆಲುಗು ಅಜ್ಜಿ ತಮ್ಮ ಅಳಿಯನನ್ನು ಎಬ್ಬಿಸಿ ಕಾರು ಹೊರಡಿಸಿದರು. ನಾನು ಕಚೇರಿಯಿಂದ ಹೊರಟು ಪಣತ್ತೂರಿನ ಅದೇ ಕಿಂಡಿಯ ಈಚೆ ಸಿಕ್ಕಿಕೊಂಡಿದ್ದೆ. ನಾನು ಆಸ್ಪತ್ರೆ ತಲುಪುವಷ್ಟರಲ್ಲಿ ಜ್ವರ ಇಳಿದಿತ್ತು. ಇದು ಚಿಕ್ಕ ಮಕ್ಕಳಲ್ಲಿ ಕಾಣುವ ಜ್ವರದ ಸೆಳೆತ, ಹೆದರಬೇಕಾಗಿಲ್ಲ ಎಂದು ವೈದ್ಯರು ಹೇಳಿದರು. ಹೆಂಡತಿ ಅಲ್ಲಿ ಏನೂ ಅನ್ನಲಿಲ್ಲ. ಮನೆಗೆ ಬಂದು ಮಗನನ್ನು ಮಲಗಿಸಿದ ಮೇಲೆ ಅಂದಳು: "ನಿಮ್ಮ ಆಫೀಸು ಎಷ್ಟು ದೂರ ಅಂತ ನೋಡಿದ್ರಿ. ನನಗ ಏನೇನು ಎಷ್ಟು ದೂರ ಅಂತ ಒಮ್ಮೆರ ನೋಡೀರೇನು?"

ನೋಡಿರಲಿಲ್ಲ. ವಾರದಲ್ಲಿ ಐದು ದಿನ, ಎಚ್ಚರವಿರುವ ಹೊತ್ತಿನಲ್ಲಿ ಕೆಲವೇ ಗಂಟೆ ಮಾತ್ರ ಆ ಮನೆಯಲ್ಲಿರುವವನು ನಾನು. ಹಗಲೆಲ್ಲ ಅಲ್ಲಿ ಬಾಳಬೇಕಾದವರು ಮೂವರು, ಮತ್ತು ಆ ಮೂವರಲ್ಲಿ ಒಬ್ಬರನ್ನೂ ಮನೆ ನೋಡಲು ಕರೆದುಕೊಂಡು ಹೋಗಿರಲಿಲ್ಲ. ಎರಡು ಟಿಕೆಟ್ ಹೆಚ್ಚಾಗುತ್ತದೆ ಎಂಬ ಲೆಕ್ಕ ಹಾಕಿದ್ದೆ.

ಜೂನ್ ಆರಂಭದಲ್ಲಿ ಬಿಡುತ್ತೇವೆಂದು ತಿಳಿಸಿದಾಗ ಮಾಲೀಕರು ಕರಾರನ್ನು ಮುಂದಿಟ್ಟರು. ಹನ್ನೊಂದು ತಿಂಗಳ ಕರಾರು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಲೇಬೇಕಾದ್ದರಿಂದ ಎಲ್ಲರೂ ಹನ್ನೊಂದಕ್ಕೆ ನಿಲ್ಲಿಸುತ್ತಾರೆ. ಅದರ ನಾಲ್ಕನೆಯ ಪುಟದಲ್ಲಿ, ಅವಧಿಗೆ ಮುನ್ನ ಖಾಲಿ ಮಾಡಿದರೆ ಎರಡು ತಿಂಗಳ ಬಾಡಿಗೆ, ಎಷ್ಟೇ ದಿನ ಇದ್ದರೂ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುಂಗಡದಲ್ಲಿ ಕಡಿತ ಎಂದಿತ್ತು. ಒಂದೂವರೆ ಲಕ್ಷದಲ್ಲಿ 84,000 ಹಿಡಿದುಕೊಂಡು 66,000 ಮರಳಿಸಿದರು. ಪರಿಚಯದ ವಕೀಲರನ್ನು ಕೇಳಿದಾಗ ಅವರು ವಿವರಿಸಿದ್ದು ಇದು: 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ ಮೀರದ ಬಾಡಿಗೆಗೆ ಮಾತ್ರ; ಮುಂಗಡ ಎರಡು ತಿಂಗಳ ಬಾಡಿಗೆಯನ್ನು ಮೀರಬಾರದೆನ್ನುವ 2021ರ ಕೇಂದ್ರದ ಮಾದರಿ ಕಾಯ್ದೆ ಬರಿಯ ಮಾದರಿ, ತಾನಾಗಿ ಯಾರನ್ನೂ ಕಟ್ಟಿಹಾಕುವುದಿಲ್ಲ. ಅಂದರೆ ನಮ್ಮಂಥವರಿಗೆ ಕರಾರಿನ ಕಾಗದವೇ ಕಾನೂನು. ಹೆಂಡತಿ ಓದುತ್ತೇನೆಂದಿದ್ದಳು, ನಾನೇ "ಎಲ್ಲ ಕಡೆ ಇದೇ ಇರುತ್ತೆ" ಎಂದು ಸಹಿ ಹಾಕಿದ್ದೆ.

ಎರಡನೆಯ ಸಲ ಮನೆ ಹುಡುಕಿದ ಬಗೆಯನ್ನೂ ಹೇಳುತ್ತೇನೆ. ಈ ಸಲ ನಾಲ್ವರೂ ಹೋದೆವು, ಕೆಲಸದ ದಿನ, ಬೆಳಿಗ್ಗೆ ಎಂಟೂವರೆಗೆ. ದಲ್ಲಾಳಿಯನ್ನು ಕೇಳುವ ಬದಲು ಬೀದಿಯ ಇಸ್ತ್ರಿ ಅಂಗಡಿಯವರನ್ನು ಕೇಳಿದೆವು. ಯಾವ ಕಟ್ಟಡಕ್ಕೆ ವಾರಕ್ಕೆ ಎಷ್ಟು ಟ್ಯಾಂಕರ್ ಬರುತ್ತದೆ, ಯಾರ ಮನೆ ಆರಾರು ತಿಂಗಳಿಗೆ ಖಾಲಿಯಾಗುತ್ತದೆ ಎಂಬುದು ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ. ನೀರು ಇದೆಯೇ ಎಂದು ಕೇಳದೆ ಜಲಮಂಡಳಿಯ ಕಳೆದ ಮೂರು ತಿಂಗಳ ಬಿಲ್ಲು ತೋರಿಸಿ ಎಂದೆವು. ಇದು ಈಗಲೂ ಮುಖ್ಯ. ಹೊರವಲಯದ 110 ಹಳ್ಳಿಗಳಿಗಾಗಿ ದಿನಕ್ಕೆ 775 ದಶಲಕ್ಷ ಲೀಟರ್ ತರುವ ಕಾವೇರಿ ಐದನೆಯ ಹಂತ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಗಿದೆ ನಿಜ. ಆದರೆ ಕೊಳವೆ ಬೀದಿಗೆ ಬಂದರೆ ಸಾಲದು, ಸಮುಚ್ಚಯದವರು ಹಣ ಕಟ್ಟಿ ಸಂಪರ್ಕ ಪಡೆದಿರಬೇಕು. "ಕಾವೇರಿ ಬಂದಿದೆ ಸಾರ್" ಎಂಬ ಮಾತಿಗೆ ಬಿಲ್ಲು ಒಂದೇ ಸಾಕ್ಷಿ. ನೆಲಮಾಳಿಗೆಗೂ ಇಳಿದು ಗೋಡೆಯ ಮೇಲೆ ನೀರು ನಿಂತ ಗೆರೆ ಇದೆಯೇ ನೋಡಿದೆವು. 2022ರ ಸೆಪ್ಟೆಂಬರ್‌ನ ಮಳೆಗೆ ನೀರು ನುಗ್ಗಿ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನರು ಟ್ರ್ಯಾಕ್ಟರ್ ಏರಿ ಮನೆಯಿಂದ ಹೊರಬಂದುದನ್ನು ನಾನು ಧಾರವಾಡದಲ್ಲಿ ಕುಳಿತು ಟೀವಿಯಲ್ಲಿ ನೋಡಿ ನಕ್ಕಿದ್ದೆ.

ಹೊಸ ತಿಪ್ಪಸಂದ್ರದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿ ಈಗ ಇದ್ದೇವೆ. ಲಿಫ್ಟಿಲ್ಲ, ಜಾರುಬಂಡಿಯಿಲ್ಲ, ಕೋಣೆಗಳು ಚಿಕ್ಕವು, ಕಚೇರಿಗೆ ಎರಡು ಬಸ್ಸು ಬದಲಿಸಿ ಹೋಗಲು ನನಗೆ ಈಗಲೂ ಒಂದು ಗಂಟೆ ಬೇಕು. ದಿನ ಬಿಟ್ಟು ದಿನ ಕಾವೇರಿ ನೀರು ನೆಲದಡಿಯ ತೊಟ್ಟಿಗೆ ಬರುತ್ತದೆ. ತರಕಾರಿ, ಔಷಧಿ ಅಂಗಡಿ, ಸಂಜೆಯೂ ಇರುವ ಮಕ್ಕಳ ವೈದ್ಯರು, ಮಗಳ ಶಾಲೆ ಎಲ್ಲವೂ ಹೆಂಡತಿ ಮಗನನ್ನು ಕಂಕುಳಲ್ಲಿ ಎತ್ತಿಕೊಂಡು ನಡೆಯಬಹುದಾದಷ್ಟು ದೂರದಲ್ಲಿವೆ. ಆ ದೂರವನ್ನು ಅವಳೇ ನಡೆದು ಅಳೆದ ಮೇಲೆ ಮುಂಗಡ ಕೊಟ್ಟೆವು. ಕರಾರನ್ನು ಅವಳು ಪುಟಪುಟವಾಗಿ ಓದಿ, ಅವಧಿಗೆ ಮುನ್ನ ಬಿಟ್ಟರೆ ಕಡಿತ ಎಂಬ ಕಲಮನ್ನು ಹೊಡೆದುಹಾಕಿಸಿ, ಬಣ್ಣದ ಖರ್ಚು ಹನ್ನೆರಡು ಸಾವಿರ ಮೀರಬಾರದೆಂದು ಪಕ್ಕದಲ್ಲಿ ಬರೆಸಿ, ಅದರ ಕೆಳಗೆ ಮಾಲೀಕರ ಸಹಿ ಹಾಕಿಸಿಕೊಂಡಳು. ಅವರು ಬೇಸರಪಟ್ಟುಕೊಳ್ಳಬಹುದೆಂದು ನಾನು ಅಳುಕಿದ್ದೆ. ಅವರು ಕನ್ನಡಕ ಹಾಕಿಕೊಂಡು ಒಮ್ಮೆ ಓದಿ, ಸಹಿ ಮಾಡಿ, ಮಗಳನ್ನು ಯಾವ ಶಾಲೆಗೆ ಹಾಕುತ್ತೀರಿ ಎಂದು ಕೇಳಿದರು.