ಆಯಿಲ್ ಕಮ್ಮಿ ಆಗಲಿಲ್ಲ, ಜಾಸ್ತಿ ಆಯ್ತು

ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಡೀಸೆಲ್ ಗಾಡಿ ಇಟ್ಟುಕೊಂಡಿರುವವರು ನಾಳೆ ಬೆಳಿಗ್ಗೆ ಒಂದು ಕೆಲಸ ಮಾಡಿ. ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್, ಅಂದರೆ ಇಂಜಿನ್ ಆಯಿಲ್ ಅಳೆಯುವ ಕಡ್ಡಿ, ಎಳೆದು ನೋಡಿ. ಆಯಿಲ್ ಕಮ್ಮಿ ಆಗಿದೆಯಾ ಅಂತಲ್ಲ. ಜಾಸ್ತಿ ಆಗಿದೆಯಾ ಅಂತ.

ನಾನು ಇದನ್ನು ಕಲಿತದ್ದು ಶಿರಾಡಿ ಘಾಟಿಯಲ್ಲಿ, ಮಳೆಯಲ್ಲಿ, ಹಿಂದೆ ಒಂದು ಗ್ಯಾಸ್ ಟ್ಯಾಂಕರ್ ಹಾರ್ನ್ ಹೊಡೆಯುತ್ತಿದ್ದಾಗ. ಫೀಸು 16,400 ರೂಪಾಯಿ ಆಯಿತು. ನಿಮಗೆ ಬಿಟ್ಟಿ.

ನನ್ನದು ನಾಲ್ಕು ಮೀಟರಿಗಿಂತ ಚಿಕ್ಕ ಎಸ್‌ಯುವಿ, 1.5 ಲೀಟರ್ ಡೀಸೆಲ್. 2021ರಲ್ಲಿ ತೆಗೆದುಕೊಂಡದ್ದು. ಯಾವ ಕಂಪನಿ ಅಂತ ಹೇಳಲ್ಲ, ಇದರಲ್ಲಿ ಅವರ ತಪ್ಪು ಏನೂ ಇಲ್ಲ. ನಾವಿರುವುದು ಹಾಸನದಲ್ಲಿ. ಆಫೀಸಿಗೆ 4 ಕಿಲೋಮೀಟರ್. ಮಧ್ಯಾಹ್ನ ಊಟಕ್ಕೆ ಮನೆಗೆ ಬಂದು ಹೋಗುತ್ತೇನೆ. ಅಂದರೆ ದಿನಕ್ಕೆ ನಾಲ್ಕು ಸಲ ಸ್ಟಾರ್ಟ್, ನಾಲ್ಕು ಸಲವೂ ಇಂಜಿನ್ ಸರಿಯಾಗಿ ಬಿಸಿಯಾಗುವಷ್ಟರಲ್ಲಿ ಆಫ್. ಎರಡು ಮೂರು ತಿಂಗಳಿಗೊಮ್ಮೆ ಹೆಂಡತಿಯ ತವರು ಪುತ್ತೂರಿಗೆ ಹೋಗಿಬಂದರೆ ಅದೇ ಲಾಂಗ್ ಡ್ರೈವ್. ಇಂಥ ಓಡಾಟಕ್ಕೆ ಡೀಸೆಲ್ ಗಾಡಿ ಯಾಕಪ್ಪ ತೆಗೆದುಕೊಂಡೆ ಅಂತ ಕೇಳಬೇಡಿ. ಮೈಲೇಜು ಅಂದರು, ತೆಗೆದುಕೊಂಡೆ.

ವಾರಂಟಿ ಮುಗಿಯಿತು. ಮುಂದಿನ ಸರ್ವೀಸಿಗೆ ಶೋರೂಂನವರು 9 ಸಾವಿರ ಚಿಲ್ಲರೆ ಎಸ್ಟಿಮೇಟ್ ಕೊಟ್ಟರು. ಅದರಲ್ಲಿ ಇಂಜಿನ್ ಡ್ರೆಸ್ಸಿಂಗ್ ಅಂತೆ, ಎಸಿ ಕ್ಲೀನಿಂಗ್ ಅಂತೆ, ನಾನು ಕೇಳದೇ ಇದ್ದದ್ದೇ ಜಾಸ್ತಿ. ಸಿಟ್ಟು ಬಂತು. ಆಯಿಲ್ ನಾನೇ ಕೊಂಡು ತಂದು, ಬಡಾವಣೆಯ ಗ್ಯಾರೇಜಿನಲ್ಲಿ ಹಾಕಿಸಿದರೆ ಅರ್ಧ ದುಡ್ಡಲ್ಲಿ ಮುಗಿಯುತ್ತೆ ಅಂತ ಲೆಕ್ಕ ಹಾಕಿದೆ. ಲೆಕ್ಕ ತಪ್ಪೇನೂ ಇರಲಿಲ್ಲ. ತಪ್ಪಿದ್ದು ಕ್ಯಾನಿನಲ್ಲಿ.

ಗಾಡಿಯ ಪುಸ್ತಕದಲ್ಲಿ 5ಡಬ್ಲ್ಯೂ-30 ಅಂತ ಬರೆದಿತ್ತು. ನಾನು ಆನ್‌ಲೈನಲ್ಲಿ ಹುಡುಕಿ 5ಡಬ್ಲ್ಯೂ-30, ಫುಲ್ಲಿ ಸಿಂಥೆಟಿಕ್, 5 ಲೀಟರ್ ಕ್ಯಾನ್ ತರಿಸಿದೆ. ಹೆಸರಿರುವ ಮಾಲು, ಸೀಲೂ ಸರಿಯಾಗಿತ್ತು. ಪುಸ್ತಕದಲ್ಲಿ ಆ ನಂಬರಿನ ಪಕ್ಕದಲ್ಲೇ ಎಸಿಇಎ ಸಿ3 ಅಂತ ಇನ್ನೊಂದು ಗುರುತೂ ಇತ್ತು, ಯುರೋಪಿನ ಕಾರು ಕಂಪನಿಗಳ ಸಂಘದ್ದು. ಅದು ನನ್ನ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಕ್ಯಾನಿನ ಹಿಂಬದಿ ಸಣ್ಣ ಅಕ್ಷರದಲ್ಲಿ ಇದ್ದದ್ದು ಎ3/ಬಿ4.

ನಮ್ಮಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. 5ಡಬ್ಲ್ಯೂ-30 ಅನ್ನೋದು ಆಯಿಲ್ ಎಷ್ಟು ತೆಳು, ಎಷ್ಟು ಗಟ್ಟಿ ಅಂತ ಮಾತ್ರ ಹೇಳುತ್ತದೆ. ಡಬ್ಲ್ಯೂ ಅಂದರೆ ವಿಂಟರ್. ಮುಂದಿನ 5, ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತದೆ ಅನ್ನುವುದಕ್ಕೆ. ಹಿಂದಿನ 30, ನೂರು ಡಿಗ್ರಿ ಬಿಸಿಯಲ್ಲಿ ಎಷ್ಟು ಗಟ್ಟಿ ಉಳಿಯುತ್ತದೆ ಅನ್ನುವುದಕ್ಕೆ. ಅದರೊಳಗೆ ಏನೇನು ಬೆರೆಸಿದ್ದಾರೆ ಅನ್ನೋದು ಆ ಸಿ3, ಎ3/ಬಿ4 ಅನ್ನುವ ಗುರುತಿನಲ್ಲಿದೆ. ಆಯಿಲಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸತುವಿನ ಕೆಮಿಕಲ್ ಹಾಕಿರುತ್ತಾರೆ. ಇಂಜಿನ್ ಸವೆಯದ ಹಾಗೆ, ಒಳಗೆ ಕೊಳೆ ಕಟ್ಟದ ಹಾಗೆ ನೋಡಿಕೊಳ್ಳುವುದು ಅವೇ. ಆದರೆ ಆಯಿಲ್ ಉರಿದಾಗ ಅವು ಬೂದಿಯಾಗಿ ಉಳಿಯುತ್ತವೆ. ಸಿ3 ಆಯಿಲಿನಲ್ಲಿ ಆ ಬೂದಿ 0.8 ಪರ್ಸೆಂಟ್ ದಾಟುವ ಹಾಗಿಲ್ಲ. ಎ3/ಬಿ4ನಲ್ಲಿ 1 ದಾಟಿ ಹೋಗಬಹುದು.

ಬೂದಿಯಾದರೆ ಏನೀಗ? 2020ರ ಏಪ್ರಿಲ್‌ನಲ್ಲಿ ಬಿಎಸ್6 ಬಂದ ಮೇಲೆ ಡೀಸೆಲ್ ಕಾರಿನ ಸೈಲೆನ್ಸರ್ ದಾರಿಯಲ್ಲಿ ಡಿಪಿಎಫ್ ಅನ್ನುವ ಫಿಲ್ಟರ್ ಕೂತಿದೆ. ಹೊಗೆಯ ಮಸಿಯನ್ನೆಲ್ಲ ಅದು ಹಿಡಿದಿಡುತ್ತದೆ. ತುಂಬುತ್ತಾ ಬಂದ ಹಾಗೆ ಗಾಡಿ ತಾನೇ ಅದನ್ನು 600 ಡಿಗ್ರಿಯ ಆಸುಪಾಸು ಕಾಯಿಸಿ ಮಸಿಯನ್ನು ಸುಡುತ್ತದೆ. ಇದಕ್ಕೆ ರೀಜನರೇಷನ್ ಅಂತಾರೆ. ಮಸಿ ಸುಟ್ಟುಹೋಗುತ್ತದೆ. ಬೂದಿ ಸುಡಲ್ಲ. ಒಲೆಯ ಬೂದಿಗೆ ಎಷ್ಟು ಬೆಂಕಿ ಇಟ್ಟರೂ ಬೂದಿಯೇ ಅಲ್ವಾ? ಅದು ಅಲ್ಲೇ ಕೂತು ಫಿಲ್ಟರಿನ ಜಾಗ ತಿನ್ನುತ್ತಾ ಹೋಗುತ್ತದೆ.

ಈಗ ಗ್ಯಾರೇಜಿಗೆ ಬನ್ನಿ. ಶನಿವಾರ ಸಂಜೆ, ಅಂಗಡಿ ಬಾಗಿಲು ಹಾಕುವ ಹೊತ್ತು. ಮುಂದಿನ ಎರಡು ಚಕ್ರ ಕಬ್ಬಿಣದ ರ‍್ಯಾಂಪ್ ಮೇಲೆ ಹತ್ತಿಸಿ, ಹುಡುಗ ಕೆಳಗೆ ನುಗ್ಗಿ ಡ್ರೈನ್ ಬೋಲ್ಟ್ ಬಿಚ್ಚಿದ. ಟಬ್ಬಿಗೆ ಕಪ್ಪಗೆ ಸುರಿಯಿತು. ಐದು ನಿಮಿಷಕ್ಕೆ ಧಾರೆ ದಾರದಷ್ಟಾಯಿತು, ಇನ್ನೂ ನಿಂತಿರಲಿಲ್ಲ, ಅವನು ಬೋಲ್ಟ್ ಹಾಕಿಯೇ ಬಿಟ್ಟ. ಅದೇ ಹಳೇ ವಾಷರ್ ಸಮೇತ.

"ಇನ್ನೂ ಬೀಳ್ತಾ ಇತ್ತಲ್ಲಪ್ಪ" ಅಂದೆ.

"ಅದು ನಾಳೆವರೆಗೂ ಬೀಳುತ್ತೆ ಸಾರ್" ಅಂದ.

ಆಯಿಲ್ ಫಿಲ್ಟರ್ ಸೇರಿ ನನ್ನ ಗಾಡಿಗೆ ಬೇಕಾದ ಆಯಿಲ್ 4.6 ಲೀಟರ್. ಮೇಸ್ತ್ರಿ ಕ್ಯಾನ್ ಬಗ್ಗಿಸಿ ಐದೂ ಲೀಟರ್ ಸುರಿದು, ತಲೆಕೆಳಗು ಮಾಡಿ, ತಳಕ್ಕೆ ಎರಡು ಏಟು ತಟ್ಟಿ ಕೊನೇ ಹನಿಯನ್ನೂ ಇಳಿಸಿದರು. "ಸ್ವಲ್ಪ ಉಳಿಸಿ ಏನ್ ಮಾಡ್ತೀರ ಸಾರ್, ದುಡ್ಡು ಕೊಟ್ಟು ತಂದಿದ್ದೀರ." ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು. ಇಡ್ಲಿಗೆ ಚಟ್ನಿ ಜಾಸ್ತಿ ಹಾಕಿದರೆ ಯಾರಾದರೂ ಜಗಳ ಆಡುತ್ತಾರಾ?

ಮರುದಿನ ನೋಡಿದರೆ ಆಯಿಲ್ ಮ್ಯಾಕ್ಸ್ ಗೀಟಿಗಿಂತ ಒಂದು ಬೆರಳು ಮೇಲಿತ್ತು. ಫೋನ್ ಮಾಡಿದೆ. "ಜಾಸ್ತಿ ಇದ್ರೆ ಒಳ್ಳೇದು ಸಾರ್, ಘಾಟಿ ಓಡಿಸ್ತೀರಲ್ಲ." ನಾನೂ ಹಾಗೇ ಅಂದುಕೊಂಡೆ. ನಮ್ಮ ಅಪ್ಪನ ಹಳೇ ಜೀಪು ಆಯಿಲ್ ಕುಡಿಯುತ್ತಿತ್ತು. ಸೀಟಿನ ಕೆಳಗೆ ಒಂದು ಡಬ್ಬ ಇಟ್ಟುಕೊಂಡೇ ಓಡಾಡುತ್ತಿದ್ದರು. ಆಯಿಲ್ ಕಮ್ಮಿಯಾದರೆ ಇಂಜಿನ್ ಸೀಜ್ ಆಗುತ್ತೆ ಅನ್ನುವ ಭಯ ಒಂದೇ ನಮಗೆ ಮನೆಯಲ್ಲಿ ಬಂದ ಪಾಠ.

ಎರಡು ವಾರ ಆದ ಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ಕಪ್ಪು ಕಲೆ ಕಂಡಿತು. ಹಳೇ ವಾಷರಿನ ಕೃಪೆ. ರಟ್ಟು ಹಾಸಿ ನೋಡಿದೆ, ರಾತ್ರಿಗೆ ಎರಡು ಮೂರು ಹನಿ. ಗಾಬರಿಯಾಗಿ ಆವತ್ತಿಂದ ವಾರವಾರ ಡಿಪ್‌ಸ್ಟಿಕ್ ನೋಡಲು ಶುರು ಮಾಡಿದೆ. ತಿಂಗಳು ಕಳೆದರೂ ಆಯಿಲ್ ಇಳಿಯಲೇ ಇಲ್ಲ! ಬದಲಿಗೆ ಒಂದು ಬೆರಳು ಇದ್ದದ್ದು ಹತ್ತಿರ ಹತ್ತಿರ ಎರಡು ಬೆರಳಾಗಿತ್ತು. ಗಾಡಿ ಓರೆಗೆ ನಿಂತಿರಬೇಕು ಅಂತ ಸಮಾಧಾನ ಮಾಡಿಕೊಂಡು ಬಾನೆಟ್ ಮುಚ್ಚಿದೆ.

ಸೋರುವ ಪಾತ್ರೆಯಲ್ಲಿ ನೀರು ಏರುತ್ತಿದೆ ಅಂದರೆ ಮೇಲಿಂದ ಯಾರೋ ಸುರಿಯುತ್ತಿದ್ದಾರೆ ಅಂತ ಅರ್ಥ. ಇಲ್ಲಿ ಸುರಿಯುತ್ತಿದ್ದದ್ದು ಗಾಡಿಯೇ, ಅದೂ ಡೀಸೆಲ್. ಆ ಫಿಲ್ಟರನ್ನು ಕಾಯಿಸಬೇಕಲ್ಲ, ಅದಕ್ಕೆ ನನ್ನಂಥ ಗಾಡಿಗಳಲ್ಲಿ ಇಂಜಿನ್ ಸಿಲಿಂಡರಿಗೇ ತಡವಾಗಿ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅದು ಸೈಲೆನ್ಸರ್ ದಾರಿಗೆ ಹೋಗಿ ಬಿಸಿ ಮಾಡಬೇಕು. ಅದರಲ್ಲಿ ಒಂದು ಪಾಲು ಸಿಲಿಂಡರಿನ ಗೋಡೆ ಹಿಡಿದು ಕೆಳಗೆ ಆಯಿಲಿಗೆ ಇಳಿದುಬಿಡುತ್ತದೆ. ಹೈವೇಯಲ್ಲಿ ಒಂದೇ ಸಮನೆ ಓಡಿಸುವವರಿಗೆ ಇದು ದೊಡ್ಡ ವಿಷಯವಲ್ಲ, ರೀಜನರೇಷನ್ ಒಂದೇ ಸಲಕ್ಕೆ ಮುಗಿಯುತ್ತದೆ. ನಾನೋ 4 ಕಿಲೋಮೀಟರಿಗೆ ಆಫ್ ಮಾಡುವವನು. ಶುರುವಾಗುತ್ತದೆ, ನಿಲ್ಲುತ್ತದೆ, ಮತ್ತೆ ಶುರು. ಪ್ರತಿ ಸಲವೂ ಸ್ವಲ್ಪ ಡೀಸೆಲ್ ಆಯಿಲಿಗೆ. ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ಗುಂಯ್ ಅನ್ನುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ನಾನು ಎಸಿ ಕೆಟ್ಟಿದೆ ಅಂದುಕೊಂಡಿದ್ದೆ. ಡಿಪಿಎಫ್ ಲೈಟ್ ಎರಡು ಸಲ ಹತ್ತಿತ್ತು. ಗ್ಯಾರೇಜಿನಲ್ಲಿ ತೋರಿಸಿದರೆ "ಸೆನ್ಸರ್ ಸಾರ್" ಅಂದಿದ್ದರು.

ಪುತ್ತೂರಿಂದ ವಾಪಸ್ ಬರುತ್ತಿದ್ದೆವು. ಗುಂಡ್ಯ ದಾಟಿ ಏರು ಶುರುವಾದ ಸ್ವಲ್ಪ ಹೊತ್ತಿಗೆ ಹೆಂಡತಿ ಹಿಂದೆ ತಿರುಗಿ "ರೀ, ಏನಿದು ಇಷ್ಟು ಮಂಜು?" ಅಂದಳು. ಕನ್ನಡಿಯಲ್ಲಿ ನೋಡಿದೆ. ಹಿಂದೆಲ್ಲ ಬೆಳ್ಳಗಿತ್ತು, ಮುಂದೆ ಮಂಜಿರಲಿಲ್ಲ. ನಮ್ಮದೇ ಹೊಗೆ. ಅಷ್ಟರಲ್ಲಿ ಇಂಜಿನ್ ಲೈಟ್ ಹತ್ತಿ ಪಿಕಪ್ ಬಿದ್ದುಹೋಯಿತು. ಎಷ್ಟು ತುಳಿದರೂ ಗಾಡಿ ಏರಲ್ಲ, ಮಗು ತೆವಳಿದ ಹಾಗೆ ಹೋಗುತ್ತಿದೆ. ಹಿಂದೆ ಆ ಟ್ಯಾಂಕರ್. ಮಾರನಹಳ್ಳಿಗಿಂತ ಮುಂಚೆ ಒಂದು ಅಗಲ ಜಾಗ ಸಿಕ್ಕಿತು, ಪುಣ್ಯ.

ಮಳೆಯಲ್ಲೇ ಇಳಿದು ಡಿಪ್‌ಸ್ಟಿಕ್ ಎಳೆದೆ. ಆವತ್ತು ಮೊದಲ ಸಲ ಮಟ್ಟ ನೋಡುವ ಬದಲು ಆಯಿಲನ್ನು ನೋಡಿದೆ. ಡೀಸೆಲ್ ಗಾಡಿಯ ಆಯಿಲ್ ಕಪ್ಪಾಗುವುದು ಮಾಮೂಲಿ, ಬಣ್ಣಕ್ಕೆ ಹೆದರಬೇಕಿಲ್ಲ. ಆದರೆ ಇದು ಕಡ್ಡಿಗೆ ಅಂಟಿಕೊಳ್ಳಲೇ ಇಲ್ಲ. ತುದಿಯಿಂದ ಟಪ ಟಪ ಅಂತ ಕಷಾಯದ ಹಾಗೆ ಬಿತ್ತು. ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿದರೆ ಜಿಡ್ಡೇ ಇಲ್ಲ. ಮೂಗಿಗೆ ಹಿಡಿದೆ. ಪೆಟ್ರೋಲ್ ಬಂಕಿನ ವಾಸನೆ.

ಸಕಲೇಶಪುರದಿಂದ ಫ್ಲಾಟ್‌ಬೆಡ್ ಕರೆಸಿ ಹಾಸನಕ್ಕೆ ಹೊರಿಸಿಕೊಂಡು ಬಂದೆ. ಶೋರೂಂನಲ್ಲಿ ಆಯಿಲ್ ಇಳಿಸಿ ನನ್ನ ಎದುರಿಗೇ ಅಳೆದರು. 6.1 ಲೀಟರ್. ಅಂದರೆ ಒಂದೂವರೆ ಲೀಟರ್ ಜಾಸ್ತಿ. ಅಷ್ಟೆತ್ತರ ಇದ್ದರೆ ಇಂಜಿನ್ ತಳದಲ್ಲಿ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆಯುತ್ತದೆ. ನೊರೆ ಬಂದ ಆಯಿಲ್ ಬೇರಿಂಗ್ ಕಾಯಲ್ಲ. ಜೊತೆಗೆ ಆಯಿಲಿನ ಆವಿ ಬ್ರೀದರ್ ಪೈಪ್ ಹಿಡಿದು ಗಾಳಿ ಎಳೆಯುವ ಕಡೆಗೆ ಹೋಗಿ ಉರಿಯುತ್ತದೆ. ಉರಿದ ಆಯಿಲಿನ ಮಸಿ, ಬೂದಿ ಎರಡೂ ಡಿಪಿಎಫ್‌ಗೆ. ಅಲ್ಲಿಯ ಅಡ್ವೈಸರ್ ಹುಡುಗ ಒಂದು ಮಾತು ಹೇಳಿದ, ಈಗಲೂ ಮೈ ಜುಂ ಅನ್ನುತ್ತದೆ. ಇನ್ನೂ ಜಾಸ್ತಿ ಆಗಿದ್ದರೆ ಇಂಜಿನ್ ಆ ಆಯಿಲನ್ನೇ ಎಳೆದುಕೊಂಡು ತಾನೇ ಓಡಲು ಶುರು ಮಾಡಬಹುದಿತ್ತಂತೆ. ಆಗ ಕೀ ಆಫ್ ಮಾಡಿದರೂ ನಿಲ್ಲಲ್ಲ.

ನನ್ನ ಎ3/ಬಿ4 ಕ್ಯಾನ್ ಒಂದೇ ಇದಕ್ಕೆಲ್ಲ ಕಾರಣ ಅಂತ ಅವನೂ ಹೇಳಲಿಲ್ಲ, ನಾನೂ ಹೇಳಲ್ಲ. ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಬೂದಿಯಿಂದಲೇ ಫಿಲ್ಟರ್ ಕಟ್ಟಿಹೋಗಲ್ಲ. ಜಾಸ್ತಿ ಸುರಿದದ್ದು, ಗಿಡ್ಡ ಓಡಾಟ, ಲೈಟ್ ಹತ್ತಿದರೂ ಕಣ್ಣು ಮುಚ್ಚಿಕೊಂಡದ್ದು, ಎಲ್ಲ ಸೇರಿ ಆಯಿತು. ಆದರೆ ಲ್ಯಾಪ್‌ಟಾಪ್ ಸಿಕ್ಕಿಸಿ, ನಿಂತಲ್ಲೇ ಇಂಜಿನ್ ಕಾಯಿಸಿ ಅವರು ಸುಟ್ಟದ್ದು ಮಸಿಯನ್ನು ಮಾತ್ರ. ಆ ಕ್ಯಾನಿನಿಂದ ಹೋಗಿ ಕೂತ ಬೂದಿ ಅಲ್ಲೇ ಇದೆ. ಹೊಸ ಡಿಪಿಎಫ್ ಎಷ್ಟು ಅಂತ ಕೇಳಿದೆ. ಲಕ್ಷದ ಮೇಲೆ ಅಂದರು.

ಈಗ ನಾನು ಮಾಡುತ್ತಿರುವುದು ಇಷ್ಟು. ಕ್ಯಾನ್ ಕೊಳ್ಳುವಾಗ ಮುಂಭಾಗ ನೋಡಲ್ಲ, ಹಿಂಭಾಗ ಓದುತ್ತೇನೆ. ನಂಬರೂ ಗುರುತೂ ಎರಡೂ ಪುಸ್ತಕದ ಜೊತೆ ತಾಳೆಯಾಗಬೇಕು. ಕೆಲವು ಗಾಡಿಗೆ ಸಿ2 ಕೇಳಿರುತ್ತಾರೆ, ಕೆಲವಕ್ಕೆ ಸಿ3. ನಿಮ್ಮ ಪುಸ್ತಕ ಹೇಳಿದ್ದೇ ನಿಮಗೆ ವೇದ, ನನ್ನದಲ್ಲ. ಸೀಲ್ ನನ್ನ ಎದುರಿಗೆ ಒಡೆಯಬೇಕು. ಖಾಲಿ ಕ್ಯಾನಿಗೆ ಸ್ಕ್ರೂಡ್ರೈವರಿನಿಂದ ತೂತು ಹೊಡೆಸಿ ಬರುತ್ತೇನೆ, ಇಲ್ಲದಿದ್ದರೆ ಅದೇ ಕ್ಯಾನಿಗೆ ಇನ್ಯಾವುದೋ ಆಯಿಲ್ ತುಂಬಿ ಮಾರುವವರಿದ್ದಾರೆ. ಹಳೇ ಆಯಿಲ್ ಇಳಿಯುವಾಗ ಗಾಡಿ ಸಮತಟ್ಟಾಗಿ, ಇಂಜಿನ್ ಬೆಚ್ಚಗೆ ಇರಬೇಕು, ಧಾರೆ ಹನಿಯಾಗುವ ತನಕ ಅವಸರ ಮಾಡುವ ಹಾಗಿಲ್ಲ. ಹೊಸ ವಾಷರ್ ನಾನೇ ಜೇಬಿನಲ್ಲಿ ತರುತ್ತೇನೆ, ಅದರ ಬೆಲೆ ಒಂದು ಬೈಟು ಕಾಫಿಯಷ್ಟು. ಸುರಿಯುವಾಗ ನಾಲ್ಕು ಲೀಟರಿಗೆ ನಿಲ್ಲಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ. ಎರಡು ನಿಮಿಷ ಇಂಜಿನ್ ಓಡಿಸಿ, ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಅಳತೆ. ಮ್ಯಾಕ್ಸ್ ಗೀಟು ಮುಟ್ಟದಿದ್ದರೂ ಪರವಾಗಿಲ್ಲ. ಆ ಹೊತ್ತಲ್ಲಿ ಟೀ ಕುಡಿಯಲು ಹೋಗಲ್ಲ. ವಾರಕ್ಕೊಮ್ಮೆ ಬೈಪಾಸಿಗೆ ಹೋಗಿ ಅರ್ಧ ಗಂಟೆ ಒಂದೇ ವೇಗದಲ್ಲಿ ಓಡಿಸುತ್ತೇನೆ. ಹೆಂಡತಿ ಇದಕ್ಕೆ ಗಾಡಿಯ ವಾಕಿಂಗ್ ಅಂತ ಹೆಸರಿಟ್ಟಿದ್ದಾಳೆ.

ಪೆಟ್ರೋಲ್ ಗಾಡಿಯವರು ನಗಬೇಡಿ. ನಿಮ್ಮ 1 ಲೀಟರ್ ಟರ್ಬೊ ಇಂಜಿನ್ನಿಗೂ ಇಂಥದೇ ಒಂದು ಗುರುತಿದೆ. ಎಪಿಐ ಎಸ್‌ಪಿ ಅಂತ, 2020ರಲ್ಲಿ ಬಂದದ್ದು. ಸಣ್ಣ ಟರ್ಬೊ ಇಂಜಿನ್‌ಗಳು ಕಡಿಮೆ ಆರ್‌ಪಿಎಂನಲ್ಲಿ ಎಳೆಯುವಾಗ ಒಳಗೆ ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಹೊತ್ತಿಕೊಳ್ಳುವ ಕಾಟ ಇದೆ, ಪಿಸ್ಟನ್ನೇ ಒಡೆಯಬಹುದು. ಅದನ್ನು ತಡೆಯುವ ಹಾಗೆ ಆ ಆಯಿಲ್ ಮಾಡಿರುತ್ತಾರೆ. ಪುಸ್ತಕದಲ್ಲಿ 0ಡಬ್ಲ್ಯೂ-20 ಇದ್ದರೆ ಅದನ್ನೇ ಹಾಕಿಸಿ. "ನಮ್ಮ ಬಿಸಿಲಿಗೆ ಗಟ್ಟಿ ಆಯಿಲ್ ಬೇಕು, 20ಡಬ್ಲ್ಯೂ-40 ಹಾಕೋಣ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಬಿಸಿಲು ನಮಗೆ. ಥರ್ಮೋಸ್ಟ್ಯಾಟ್ ಇರುವ ಇಂಜಿನ್ ಕಲಬುರಗಿಯಲ್ಲೂ ಮಡಿಕೇರಿಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಬಿಸಿಯಲ್ಲಿ ಓಡುತ್ತದೆ. ಇನ್ನು ವಾರಂಟಿ ಇರುವವರು ಹೊರಗೆ ಏನೇ ಮಾಡಿಸಿದರೂ ಆಯಿಲಿನ ಪೂರ್ತಿ ಹೆಸರು ಬರೆದಿರುವ ಬಿಲ್ ಇಟ್ಟುಕೊಳ್ಳಿ.

ಎಲ್ಲ ಮುಗಿದ ಮೇಲೆ ಸಿಟ್ಟು ತಡೆಯಲಾರದೆ ಆ ಗ್ಯಾರೇಜಿಗೆ ಹೋದೆ. ಮೇಸ್ತ್ರಿ ಬಿಲ್ ನೋಡಿದರು, ಪಾಪ, ಅವರಿಗೂ ಬೇಜಾರಾಯಿತು. ಜಾಸ್ತಿ ಸುರಿದದ್ದು ತಪ್ಪು ಅಂತ ಒಪ್ಪಿಕೊಂಡು, ಅವತ್ತಿನ ಮಜೂರಿ 300 ರೂಪಾಯಿ ವಾಪಸ್ ಕೊಡಲು ಬಂದರು. ಆಯಿಲೇ ಬೇರೆ ಗುರುತಿನದು ಅಂತ ನಾನು ಶುರು ಮಾಡಿದಾಗ ಮಾತ್ರ ಕೈ ಒರೆಸಿಕೊಳ್ಳುತ್ತಾ ತಣ್ಣಗೆ ಕೇಳಿದರು.

"ಕ್ಯಾನ್ ನೀವೇ ತಂದಿದ್ದು ಅಲ್ವಾ ಸಾರ್?"

300 ರೂಪಾಯಿ ಅಲ್ಲೇ ಟೇಬಲ್ ಮೇಲೆ ಬಿಟ್ಟು ಬಂದೆ.